ಬಯಲಿಗೆ ತಂತಿಬೇಲಿ

ಕರಿಮಟ್ಟಿ ಊರಿನ ಗಂಡಸರು ಎಲ್ಲಿ ಬೇಕಾದರೂ ಕೂಡ್ರುತ್ತಿದ್ದರು. ಹಳ್ಳದ ದಂಡೆ ಅವರದು. ರಸ್ತೆಯ ಎರಡೂ ಬದಿ ಅವರದು. ಶಾಲೆಯ ಹಿಂದಿನ ಗೋಡೆಯೂ ಅವರದೇ. ಹೆಂಗಸರಿಗೆ ಇದ್ದದ್ದು ಒಂದೇ ಜಾಗ, ಜಾಲಿಮಡ್ಡಿ.

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯಲ್ಲಿ ಊರು ಮುಗಿಯುತ್ತಲೇ ಎಡಕ್ಕೆ ಆ ಮಡ್ಡಿ. ಕಲ್ಲುನೆಲ. ಅಲ್ಲಿ ಜೋಳ ಬೆಳೆಯದು, ತೊಗರಿ ಬೆಳೆಯದು. ಜಾಲಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದಿತ್ತು. ಬೆಳಕು ಹರಿಯುವ ಮೊದಲು ಕೇರಿಯ ಹೆಂಗಸರು, ಮುಸ್ಲಿಮರ ಓಣಿಯ ಹೆಂಗಸರು, ಕುರುಬರ, ಕುಂಬಾರರ ಹೆಂಗಸರು ನೀರಿನ ಚರಗಿ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕೂತಲ್ಲೇ ಊರಿನ ವಿಚಾರಣೆ ನಡೆಯುತ್ತಿತ್ತು. ಯಾರ ಗಂಡ ಕುಡಿದು ಬಂದ, ಯಾರ ಅತ್ತೆ ರೊಟ್ಟಿ ಬಚ್ಚಿಟ್ಟಳು, ಯಾರ ಸೊಸೆಗೆ ತಿಂಗಳು ನಿಂತಿತು. ಊರೊಳಗೆ ಒಬ್ಬರ ಕೊಡವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಮಡ್ಡಿಯಲ್ಲಿ ಮಾತ್ರ ಜಾಲಿಗಿಡದ ಆಚೆ ಕುರುಬರವಳು, ಈಚೆ ಹೊಲೆಯರವಳು, ನಡುವೆ ಮಾತು. ಮೈಲಿಗೆ ಅಲ್ಲಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಮೂಗು ಮುಚ್ಚಿಕೊಂಡು ವಾಪಸು ಹೋಗಬೇಕಾಗುತ್ತಿತ್ತು.

ಕೇರಿಯ ಸಾವಂತ್ರವ್ವ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಅವಳಿಗೆ ಆಮೇಲೆ ಕೆಲಸವಿತ್ತು. ಊರಿನ ದೊಡ್ಡ ಮನೆಗಳ ಸಂಡಾಸ ಬಳಿಯುವವಳು ಅವಳೊಬ್ಬಳೇ. ಗಂಡ ಸತ್ತ ವರ್ಷ ಗಂಡನ ಕೆಲಸ ಅವಳ ತಲೆಗೆ ಬಂತು. ತಲೆಗೆ ಎಂದರೆ ತಲೆಗೇ. ಹಿತ್ತಲ ಸಂದಿಯಲ್ಲಿ ಮನೆಮನೆಗೂ ಒಂದು ತಗಡಿನ ಸಣ್ಣ ಬಾಗಿಲು. ಬಗ್ಗಿ ಅದನ್ನು ತೆಗೆಯಬೇಕು. ಒಳಗಿನದನ್ನು ತಗಡಿನ ಚೂರಿನಿಂದ ಬಳಿದು ಡಬ್ಬಿಗೆ ತುಂಬಬೇಕು. ಬೂದಿ ಹಾಕಬೇಕು. ಡಬ್ಬಿಯನ್ನು ಸಿಂಬೆಯ ಮೇಲಿಟ್ಟು ಹೊರಬೇಕು. ಮಳೆಗಾಲದಲ್ಲಿ ಡಬ್ಬಿ ಸೋರಿ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಊರಿನ ಮಂದಿ ಎದುರಿಗೆ ಬಂದರೆ ಅವಳೇ ಗೋಡೆಗೆ ಅಂಟಿ ನಿಲ್ಲಬೇಕು. ಊರಿನದನ್ನು ಹೊತ್ತವಳು ಊರಿಗೆ ದಾರಿ ಬಿಡಬೇಕು.

ತಲೆಯ ಮೇಲೆ ಹೊರಿಸಬಾರದೆಂದು ಸರಕಾರ ಹೇಳಿತ್ತು. ಹೇಳಿ ಸುಮ್ಮನಿರಲಿಲ್ಲ, ಪಂಚಾಯ್ತಿಗೆ ಒಂದು ಕೈಗಾಡಿಯನ್ನೂ ಕಳಿಸಿತ್ತು. ಪಂಚಾಯ್ತಿ ಚೇರಮನ್ ರಾಚಪ್ಪ ಸಾಹುಕಾರ ಅದನ್ನು ನೋಡಿ, ಚೆನ್ನಾಗಿದೆ ಎಂದು ತನ್ನ ದನದ ಕೊಟ್ಟಿಗೆಗೆ ಒಯ್ದ. ಸರಕಾರದ ಗಾಡಿಯಲ್ಲಿ ಎಮ್ಮೆಯ ಮೇವು. ಸಾವಂತ್ರವ್ವನ ತಲೆಯ ಮೇಲೆ ಎಮ್ಮೆಯ ಯಜಮಾನನದು.

ಅದು ತುರ್ತು ಪರಿಸ್ಥಿತಿಯ ಕಾಲ. ಎಲ್ಲ ಊರುಗಳೂ ಮುಂದುವರಿಯಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಕರಿಮಟ್ಟಿ ಎಡಕ್ಕೆ ಮುಂದುವರಿಯಬೇಕೆಂದು ರಾಚಪ್ಪ ತೀರ್ಮಾನಿಸಿದ. ಬಲಕ್ಕೆ ಅವನ ಕಬ್ಬಿನ ಹೊಲವಿತ್ತು. ಜಾಲಿಮಡ್ಡಿಯನ್ನು ಕಡಿದು, ಪ್ಲಾಟು ಮಾಡಿ, ಕಾಲೊನಿ ಕಟ್ಟಬೇಕು. ಸಂತೆಯ ವ್ಯಾಪಾರಿಗಳು, ಮಾಸ್ತರರು, ಸಿಂದಗಿಯ ಅಡತಿ ಅಂಗಡಿಯವರು ಆಗಲೇ ಪ್ಲಾಟು ಕೇಳಿದ್ದರು.

ನಕ್ಷೆ ಮಾಡಲು ಬಿಜಾಪುರದ ಕಡೆಯಿಂದ ಒಬ್ಬ ಸಾಹೇಬ ಬಂದ. ಮೈಸೂರು ಕಡೆಯ ಮನುಷ್ಯ, ಮೆತ್ತಗಿನ ಮಾತು. ಊರಿನವರು ಅವನಿಗೆ ನಕಾಶಿ ಸಾಹೇಬ ಎಂದು ಹೆಸರಿಟ್ಟರು. ಅವನು ಮಡ್ಡಿಯನ್ನು ಸುತ್ತಿ ಬಂದು, ಬೂಟಿಗೆ ಮೆತ್ತಿದ್ದನ್ನು ಕಲ್ಲಿಗೆ ಒರೆಸುತ್ತ, ಚೇರಮನ್ನನಿಗೆ ಹೇಳಿದ: "ಎಲ್ಲಾನೂ ಪ್ಲಾಟು ಮಾಡೋ ಹಾಗಿಲ್ಲ. ಊರು ಬೆಳೀಬೇಕು, ಬಯಲೂ ಉಳೀಬೇಕು. ಬಯಲು ಅಂದರೆ ಊರಿನ ಶ್ವಾಸಕೋಶ."

ಈ ಮಾತು ಮರುದಿನ ಬೆಳಗಾಗುವುದರೊಳಗೆ ಮಡ್ಡಿಗೆ ಬಂತು. ತಂದವಳು ಜೈತುನಬಿ. ಅವಳು ಬಳೆ ಮಾರುವವಳು, ಎಲ್ಲ ಮನೆಗಳ ಒಳಗಿನ ಸುದ್ದಿಯೂ ಅವಳ ಬುಟ್ಟಿಯಲ್ಲಿರುತ್ತಿತ್ತು.

"ಶ್ವಾಸಕೋಶ ಅಂದ್ರ ಏನಬೇ?" ಸಾವಂತ್ರವ್ವ ಕೇಳಿದಳು.

"ಉಸುರಾಡೂ ಜಾಗಾ ಅಂತ."

"ನಾವು ಇಲ್ಲಿ ಉಸುರು ಬಿಗಿಹಿಡದು ಕುಂದರತೀವಲ್ಲ."

"ಏನರೆ ಅನ್ಲಿ, ಬಯಲು ಉಳಿಸ್ತಾನಂತ. ಆ ಸಾಹೇಬನ ಹೊಟ್ಟಿ ತಣ್ಣಗಿರ್ಲಿ."

ಎಲ್ಲರೂ ಸಾಹೇಬನ ಹೊಟ್ಟೆಗೆ ಒಳ್ಳೆಯದನ್ನು ಹಾರೈಸಿದರು.

ಜಾಲಿ ಕಡಿದರು. ರಸ್ತೆಯ ಕಡೆಗೆ ಪ್ಲಾಟುಗಳ ಕಲ್ಲು ನೆಟ್ಟರು. ಪಾಯದ ತಗ್ಗುಗಳು ಬಿದ್ದವು. ಹಿಂದಿನ ಅರ್ಧ ಮಡ್ಡಿಗೆ ಯಾರೂ ಕೈ ಹಚ್ಚಲಿಲ್ಲ. ಸಾಹೇಬ ಮಾತು ಉಳಿಸಿಕೊಂಡ ಎಂದು ಹೆಂಗಸರು ಹಿಂದಕ್ಕೆ ಸರಿದು ಕೂತರು. ಆಮೇಲೆ ಒಂದು ದಿನ ಆ ಅರ್ಧಕ್ಕೂ ಕಲ್ಲುಕಂಬ ಬಂದವು, ಮುಳ್ಳುತಂತಿ ಬಂತು. ಒಳಗೆ ಒಂದಷ್ಟು ಗುಲ್‌ಮೊಹರ್ ಸಸಿ, ಒಂದು ಸಿಮೆಂಟಿನ ಬೆಂಚು. ಗೇಟಿಗೆ ಒಂದು ಬೋರ್ಡು.

ಜೈತುನಬಿಯ ಮಗಳು ಸುಗ್ರಾ ಶಾಲೆಗೆ ಹೋದವಳು. ಅವಳೇ ಓದಿದಳು: "ಸಾರ್ವಜನಿಕ ಉದ್ಯಾನ. ಅಪ್ಪಣೆ ಇಲ್ಲದೆ ಒಳಗೆ ಬರಬಾರದು."

"ಸಾರ್ವಜನಿಕ ಅಂದ್ರ ಯಾರು?" ಎಂದಳು ಸಾವಂತ್ರವ್ವ.

"ಎಲ್ಲಾರೂ ಅಂತ."

"ಎಲ್ಲಾರದೂ ಅಂತ ಬರದು, ಯಾರೂ ಬರಬ್ಯಾಡ್ರಿ ಅಂತನೂ ಬರದಾರ?"

ಬೋರ್ಡು ಅದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೊಡಲು ಮಾನಪ್ಪನನ್ನು ನೇಮಿಸಿದ್ದರು.

ಮಾನಪ್ಪ ಕೇರಿಯವನೇ. ಬಾವಿ ತೋಡುವ ಆಳು. ಚೇರಮನ್ ಅವನಿಗೆ ಖಾಕಿ ಅಂಗಿ, ಬಡಿಗೆ, ಸೀಟಿ ಕೊಟ್ಟು ಉದ್ಯಾನದ ಕಾವಲಿಗೆ ಇಟ್ಟ. ಕೇರಿಯ ಹೆಂಗಸರನ್ನು ಕೇರಿಯವನೇ ಓಡಿಸಿದರೆ ಜಗಳ ಕೇರಿಯೊಳಗೇ ಉಳಿಯುತ್ತದೆ ಎಂಬ ಲೆಕ್ಕ. ಮಾನಪ್ಪ ಮೊದಲ ದಿನ ತಂತಿಯ ಬಳಿ ನಿಂತು, ಮುಖ ಆಚೆ ತಿರುಗಿಸಿ, "ಎವ್ವಾರ, ದಯಮಾಡಿ ಏಳ್ರಿ, ನನ್ನ ನೌಕರಿ ಹೊಕ್ಕೈತ್ರಿ" ಎಂದು ಬೇಡಿಕೊಂಡ. ಎರಡನೆಯ ದಿನ ಚೇರಮನ್ ಕೇಳಿಸಿಕೊಳ್ಳುತ್ತಾನೆಂದು ಸೀಟಿ ಊದಿದ.

ಆ ಸೀಟಿಗೆ ಬೆಚ್ಚಿ ಎದ್ದು ಓಡಿದವರಲ್ಲಿ ಅವನ ಹೆಂಡತಿ ಸೀತವ್ವನೂ ಇದ್ದಳು. ಬಸುರಿ. ಮಬ್ಬುಗತ್ತಲಲ್ಲಿ ಪಾಯದ ತಗ್ಗು ಕಾಣಲಿಲ್ಲ. ಹೊಟ್ಟೆಯನ್ನು ಉಳಿಸಿಕೊಳ್ಳಲು ಕೈ ಊರಿ ಬಿದ್ದಳು. ಹೊಟ್ಟೆ ಉಳಿಯಿತು, ಮುಂಗೈ ಮುರಿಯಿತು. ಮಾನಪ್ಪನೇ ತಗ್ಗಿಗೆ ಇಳಿದು ಅವಳನ್ನು ಎತ್ತಿಕೊಂಡು ಮನೆಗೆ ಹೋದ. ಸೀಟಿ ಅವನ ಕೊರಳಲ್ಲೇ ತೂಗಾಡುತ್ತಿತ್ತು. ಸೀತವ್ವ ಅದನ್ನು ನೋಡುತ್ತ ಹೋದಳು.

"ನನ್ನ ಹೇಣ್ತಿ ಕೈ ಮುರಕೊಂಡಾಳ್ರಿ ಸಾವಕಾರ್ರ. ಹೆಣಮಕ್ಕಳಿಗಿ ಒಂದ ಮೂಲಿ ಬಿಟ್ಟ ಕೊಡ್ರಿ" ಎಂದು ಅವನು ಚೇರಮನ್ನನಿಗೆ ಕೈ ಮುಗಿದ.

"ನಿನ್ನ ಹೇಣ್ತಿಗಿ ಒಂದ ಮೂಲಿ, ಇನ್ನೊಬ್ಬನ ಹೇಣ್ತಿಗಿ ಇನ್ನೊಂದ ಮೂಲಿ. ತ್ವಾಟಾ ಎಲ್ಲಿ ಮಾಡ್ಲಿ, ನಿನ್ನ ತಲಿ ಮ್ಯಾಲ?" ಎಂದ ರಾಚಪ್ಪ. "ಸೀಟಿ ಜೋರ ಊದು. ಅರಿವು ಬರತೈತಿ."

ಹೆಂಗಸರು ತಮ್ಮ ಮೈಗೆ ತಾವೇ ಬೇಲಿ ಹಾಕಿಕೊಂಡರು. ಹೊತ್ತು ಮುಳುಗಿದ ಮೇಲೆ ನೀರು ಕುಡಿಯುವುದನ್ನು ಬಿಟ್ಟರು. ರಾತ್ರಿಯ ರೊಟ್ಟಿಯನ್ನು ಅರ್ಧ ಮಾಡಿದರು. ಹೊಟ್ಟೆ ಗಂಟು ಕಟ್ಟಿತು, ಉಚ್ಚೆ ಉರಿಯಿತು. ಮಡ್ಡಿಯ ಆಚೆಗಿನ ಹೊಲದವರು ಕಲ್ಲು ತೂರಿದರು. ಹಳ್ಳದ ದಂಡೆಗೆ ಹೋದರೆ ಅಲ್ಲಿ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ಸುಗ್ರಾ ಹೊಟ್ಟೆ ಹಿಡಿದುಕೊಂಡು ಮನೆಯ ಮೂಲೆಯಲ್ಲಿ ಕೂತು ಅತ್ತಳು. ಬಯಲಿನಲ್ಲಿ ಕೂಡ್ರುವುದು ನಾಚಿಕೆ ಎಂದು ಅವಳು ಶಾಲೆಯಲ್ಲಿ ಕಲಿತಿದ್ದಳು. ಬಯಲೇ ಇಲ್ಲದಾಗ ಏನು ಮಾಡಬೇಕೆಂದು ಅಲ್ಲಿ ಕಲಿಸಿರಲಿಲ್ಲ.

ಕಡೆಗೆ ಹಿಂದಿನ ಕಡೆಯ ತಂತಿಯನ್ನು ಮೇಲೆ ಎತ್ತಿ, ಕೆಳಗೆ ನುಸುಳಿ ಹೋಗತೊಡಗಿದರು. ಮಾನಪ್ಪ ಆ ಕಡೆ ಬರುತ್ತಿರಲಿಲ್ಲ. ಬಂದರೂ ಕೆಮ್ಮಿ ಹೋಗುತ್ತಿದ್ದ. ಅದು ಚೇರಮನ್ನನ ಕಿವಿಗೆ ಬಿತ್ತು.

ಅವತ್ತು ಬೆಳಿಗ್ಗೆ ರಾಚಪ್ಪ ತಾನೇ ಬಂದ. ಫಟಫಟಿಯ ಮೇಲೆ ಬಂದ. ಹಿಂದೆ ಮಾನಪ್ಪನನ್ನು ಕೂಡ್ರಿಸಿಕೊಂಡಿದ್ದ. ಫಟಫಟಿಯ ದೀಪವನ್ನು ನೇರ ಹೆಂಗಸರ ಮೇಲೆ ಬಿಟ್ಟ. ಎಲ್ಲರೂ ದಡಕ್ಕನೆ ಎದ್ದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಾಲಾಗಿ ನಿಂತರು. ಮುಖ ಒಂದು ಮುಚ್ಚಿದರೆ ಮಾನ ಉಳಿಯುತ್ತದೆಂದು ಅವರಿಗೆ ಹುಟ್ಟಿದಾಗಿನಿಂದ ಹೇಳಿದ್ದರು.

ಒಬ್ಬಳು ಏಳಲಿಲ್ಲ.

"ಯಾರಕಿ ಅದು? ಏಳಲೇ!" ರಾಚಪ್ಪ ಕೂಗಿದ.

"ಏಳ್ತೇನ್ರಿ. ಮುಗೀಲಿ." ಸಾವಂತ್ರವ್ವನ ದನಿ.

"ಮುಗೀಲಿ ಅಂದ್ರ?"

"ಸುರು ಮಾಡಿದ್ದು ಮುಗೀಬೇಕಲ್ರಿ ಸಾವಕಾರ್ರ. ನಿಮ್ಮ ಮನ್ಯಾಗ ನೀವು ಅರ್ಧಕ್ಕ ಏಳತೀರೇನ್ರಿ? ನಾ ದಿನಾ ನೋಡತೇನಲ್ಲ, ಪೂರಾ ಇರತೈತಿ."

ಸೆರಗುಗಳ ಒಳಗಿನಿಂದ ಕಿಸಕ್ಕೆಂದು ನಗು ಬಂತು. ಮೊದಲು ಒಂದು ಸೆರಗು, ಆಮೇಲೆ ಎಲ್ಲ ಸೆರಗುಗಳೂ ಅಲುಗಾಡಿದವು. ರಾಚಪ್ಪನಿಗೆ ಯಾರ ಮುಖವೂ ಕಾಣದ ಕಾರಣ ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ. ಗಾಡಿಯಿಂದ ಇಳಿದು ಬಂದು ಸಾವಂತ್ರವ್ವನ ಚರಗಿಯನ್ನು ಕಾಲಿನಿಂದ ಒದ್ದ. ಅದು ಕಲ್ಲಿಗೆ ಬಡಿದು, ಉರುಳಿ, ಬರಿದಾಯಿತು.

"ಎಲ್ಲಾ ಚರಗಿ ಜಪ್ತಿ ಮಾಡಲೇ ಮಾನ್ಯಾ!"

ಮಾನಪ್ಪ ತಲೆ ತಗ್ಗಿಸಿಕೊಂಡು ಒಂದೊಂದೇ ಚರಗಿಯನ್ನು ಎತ್ತಿ ಗೋಣಿಚೀಲಕ್ಕೆ ಹಾಕಿದ. ಹೆಂಗಸರು ತೊಳೆದುಕೊಳ್ಳಲು ನೀರಿಲ್ಲದೆ ಮನೆಗೆ ಹೋದರು. ಸಾವಂತ್ರವ್ವ ಬೆಣಚುಕಲ್ಲಿನಿಂದ ಒರೆಸಿಕೊಂಡು ಎದ್ದಳು.

ಮನೆಯಲ್ಲಿ ನೀರು ಸುರಿದುಕೊಂಡಳು. ಡಬ್ಬಿ, ತಗಡಿನ ಚೂರು, ಪೊರಕೆ ತೆಗೆದುಕೊಂಡು ದಿನದಂತೆ ಹೊರಟಳು. ಮೊದಲ ಮನೆ ರಾಚಪ್ಪನದೇ. ಹಿತ್ತಲ ಸಂದಿಗೆ ಹೋಗಿ, ಬಗ್ಗಿ, ತಗಡಿನ ಬಾಗಿಲು ತೆಗೆದಳು. ನೋಡಿದಳು. ಬಾಗಿಲು ಮುಚ್ಚಿದಳು.

ಮೇಲಿನ ಕಿಟಕಿಯಿಂದ ರಾಚಪ್ಪನ ಹೆಂಡತಿ ಶಂಕ್ರೆವ್ವ ಇಣುಕಿದಳು. "ಯಾಕ, ಇವತ್ತ ಇಷ್ಟ ಹೊತ್ತು?"

"ಇವತ್ತ ಬಳಿಯೂದಿಲ್ರೀ ಎವ್ವಾರ."

"ಆರಾಮಿಲ್ಲೇನ?"

"ಆರಾಮ ಅದೀನ್ರಿ. ನಾಳೆನೂ ಬಳಿಯೂದಿಲ್ಲ."

"ಹಂಗಂದ್ರ ಹ್ಯಾಂಗ? ಒಳಗ ತುಂಬೇತಿ!"

"ಸಾವಕಾರ್ರು ಇವತ್ತ ಎಲ್ಲಾ ಜಪ್ತಿ ಮಾಡಾಕತ್ತಾರ. ಇದನ್ನೂ ಜಪ್ತಿ ಮಾಡಕೋರಿ ಅಂತ ಹೇಳ್ರಿ."

ಡಬ್ಬಿಯನ್ನು ಆ ಬಾಗಿಲ ಮುಂದೆಯೇ ಬೋರಲು ಹಾಕಿದಳು. ಪೊರಕೆಯನ್ನು ಅದರ ಮೇಲಿಟ್ಟಳು. ಬರಿಗೈಯಲ್ಲಿ ಸಂದಿಯಿಂದ ಹೊರಗೆ ಬಂದಳು. ಊರ ಗೌಡರ ಆಳು ಎದುರಿಗೆ ಬಂದ. ಅವಳು ಗೋಡೆಗೆ ಅಂಟಲಿಲ್ಲ. ಆಳು ಗಾಬರಿಯಾಗಿ ತಾನೇ ಅಂಟಿದ.

ಜಪ್ತಿ ಮಾಡಿದ ಚರಗಿಗಳನ್ನು ಪಂಚಾಯ್ತಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಿತ್ತಾಳೆಯವು, ಜರ್ಮನ್ ಅಲ್ಯೂಮಿನಿಯಮ್ಮಿನವು, ತಳ ಕಿತ್ತವು, ಒಂದು ಡಾಲ್ಡಾ ಡಬ್ಬಿ. ಕೇರಿಯಲ್ಲಿ ಡಂಗುರ ಹೊಡೆಸಿದರು: ಚರಗಿಯವರು ತಾವೇ ಬಂದು, ಗಂಡನ ಹೆಸರು ಹೇಳಿ, ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಕಟ್ಟೆಯ ಮೇಲೆ ಇಸ್ಪೀಟು ಆಡುವ ಗಂಡಸರಿಗೆ ಹೊಸ ಆಟ ಸಿಕ್ಕಿತು. "ಈ ನೆಗ್ಗಿದ್ದು ಯಾರದಲೇ?" "ಅಕಿ ಕೂತ ಭಾರಕ್ಕ ನೆಗ್ಗಿರಬೇಕು ನೋಡು." ಕೇಕೆ. ಆ ಕೇಕೆಯಲ್ಲಿ ಕೆಲವರು ತಮ್ಮ ಮನೆಯ ಚರಗಿಯನ್ನೇ ಗುರುತಿಸಿ ಸುಮ್ಮನಾದರು.

ಒಬ್ಬ ಹೆಂಗಸೂ ಬಿಡಿಸಿಕೊಳ್ಳಲು ಬರಲಿಲ್ಲ.

"ಚರಗಿ ಅಲ್ಲೇ ಇರ್ಲಿ," ಎಂದಳು ಜೈತುನಬಿ. "ಬಯಲಾಗ ಕೂಡಬಾರದಂದ್ರ ಸಾವಕಾರ್ರ ಮನಿಗೇ ಹೋಗೂನು. ಅವರ ಮನ್ಯಾಗ ಸಂಡಾಸ ಐತಲ್ಲ."

ಮರುದಿನ ಬೆಳಿಗ್ಗೆ ಹೆಂಗಸರು ಹೋದರು. ಹಿತ್ತಲ ಸಂದಿಗೆ ಅಲ್ಲ, ಮುಂಬಾಗಿಲಿಗೆ. ಕೇರಿಯವರು, ಓಣಿಯವರು, ಕುರುಬರವರು. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಸೀತವ್ವನೂ ಬಂದಳು. ಕಟ್ಟೆಯ ಕೆಳಗೆ ಸಾಲಾಗಿ ನಿಂತರು. ರಾಚಪ್ಪ ಬೇವಿನ ಕಡ್ಡಿ ಜಗಿಯುತ್ತ ಹೊರಗೆ ಬಂದ.

"ಏನ್ ಬೇಕು?"

"ಸಂಡಾಸ ಬೇಕ್ರಿ," ಎಂದಳು ಸಾವಂತ್ರವ್ವ.

ರಾಚಪ್ಪನ ಬಾಯಿಂದ ಕಡ್ಡಿ ಬಿತ್ತು.

"ನಮ್ಮ ಬಯಲು ನಿಮ್ಮ ಹಂತೇಕ ಐತಿ. ನಮ್ಮ ಚರಗಿ ನಿಮ್ಮ ಹಂತೇಕ ಅದಾವ. ನಮ್ಮ ಹಂತೇಕ ಉಳದದ್ದು ಹೊಟ್ಟಿ ಒಂದ. ಅದನ್ನೂ ತಂದೀವಿ. ಎಲ್ಲಿ ಇಳಸೂನು, ಹೇಳ್ರಿ."

ಫೌಜದಾರನಿಗೆ ಹೇಳಿಕಳಿಸಿದರು. ಅವನು ಜೀಪಿನಲ್ಲಿ ಪೊಲೀಸರನ್ನು ತುಂಬಿಕೊಂಡು ಬಂದ. ಯಾವುದೋ ಪಕ್ಷದವರು ಗಲಾಟೆ ಮಾಡುತ್ತಿದ್ದಾರೆಂದು ತಿಳಿದು ಬಂದಿದ್ದ. ಬಳೆಯ ಬುಟ್ಟಿಯವಳು, ಬಸುರಿ, ಮುದುಕಿಯರನ್ನು ನೋಡಿ ಅವನಿಗೆ ಸಿಟ್ಟು ಬಂತು.

"ತುರ್ತು ಪರಿಸ್ಥಿತಿ ಐತಿ, ಗೊತ್ತೈತೇನ ನಿಮಗ?"

"ನಮಗೂ ತುರ್ತ ಐತ್ರಿ ಸಾಹೇಬ್ರ," ಎಂದಳು ಜೈತುನಬಿ. "ಅದಕ್ಕ ಬಂದೀವಿ."

"ಐದು ಮಂದಿಗಿಂತ ಹೆಚ್ಚಿಗಿ ಕೂಡಬಾರದು ಅಂತ ಹುಕುಂ ಐತಿ!"

"ನಾವು ಕೂಡಾಕ ಬಂದಿಲ್ರಿ," ಎಂದಳು ಸಾವಂತ್ರವ್ವ, "ಕುಂದ್ರಾಕ ಬಂದೀವಿ."

ಪೊಲೀಸರೇ ನಕ್ಕರು. ನಕ್ಕದ್ದಕ್ಕೆ ಫೌಜದಾರನ ಬಡಿಗೆ ಏಳಬೇಕಾಯಿತು. ಹೆಂಗಸರ ಕಾಲುಗಳ ಮೇಲೆ ಬಿತ್ತು. ಜೈತುನಬಿಯ ಬುಟ್ಟಿ ಉರುಳಿತು. ಒಡೆದ ಬಳೆಗಳ ಮೇಲೆ ಬರಿಗಾಲಿನವರು ಓಡಿದರು. ಸಾವಂತ್ರವ್ವ ಮತ್ತು ಜೈತುನಬಿಯನ್ನು ಜೀಪಿಗೆ ಹಾಕಿಕೊಂಡು ಹೋದರು.

ಠಾಣೆಯಲ್ಲಿ ಫೌಜದಾರ ಸಾವಂತ್ರವ್ವನಿಗೆ ಕೇಳಿದ, "ನೀ ಸಂಡಾಸ ಬಳಿಯಾಕಿ ಅಲ್ಲೇನ?"

"ಬಳೀತಿದ್ದೆನ್ರಿ."

"ಹಿಂದ ಐತಿ. ಹೋಗಿ ಬಳಿ."

"ಬಿಟ್ಟೇನ್ರಿ."

ಕಪಾಳಕ್ಕೆ ಹೊಡೆದ. ಕಿವಿಯೊಳಗೆ ಗುಂಯ್ ಎಂದಿತು. ಮತ್ತೆ ಕೇಳಿದ. ಮತ್ತೆ ಅವಳು ಅದನ್ನೇ ಹೇಳಿದಳು. ಮತ್ತೆ ಹೊಡೆದ. ತುಟಿ ಒಡೆದು ರಕ್ತ ಸೀರೆಗೆ ಇಳಿಯಿತು. ಇಷ್ಟು ವರ್ಷ ಅವಳನ್ನು ಯಾರೂ ಹೊಡೆದಿರಲಿಲ್ಲ. ಹೊಡೆಯಬೇಕಾದರೆ ಮುಟ್ಟಬೇಕಾಗುತ್ತಿತ್ತು. ಫೌಜದಾರ ಅವಳನ್ನು ಮುಟ್ಟಿ ಆ ಲೆಕ್ಕದಲ್ಲಿ ಊರಿಗಿಂತ ಮುಂದುವರಿದ.

ಜೈತುನಬಿ ಕಂಬಿಯ ಆಚೆಯಿಂದ ಎಷ್ಟು ಬಯ್ಗುಳ ಬರುತ್ತವೋ ಅಷ್ಟನ್ನೂ ಬಯ್ದಳು, ಕನ್ನಡದಲ್ಲಿ ಮುಗಿದ ಮೇಲೆ ಉರ್ದುವಿನಲ್ಲಿ ಮುಂದುವರಿಸಿದಳು. ಫೌಜದಾರ ಕೇಸು ಬರೆಯಲು ಕೂತ. ಏನೆಂದು ಬರೆಯಬೇಕು? ಹೆಂಗಸರು ಸಂಡಾಸಕ್ಕೆ ಬಂದರು ಎಂದೇ? ಮೇಲಿನವರು ಓದಿ ನಗುತ್ತಾರೆ. ಒಂದು ದಿನ ಒಂದು ರಾತ್ರಿ ಇಟ್ಟುಕೊಂಡು ಬಿಟ್ಟುಬಿಟ್ಟ. ಇಬ್ಬರೂ ಊರಿಗೆ ನಡೆದುಕೊಂಡು ಬಂದರು. ಒಬ್ಬಳ ತುಟಿ ಊದಿತ್ತು, ಇನ್ನೊಬ್ಬಳ ಕಾಲು ದಾರಿಯುದ್ದಕ್ಕೂ ಕುಂಟುತ್ತಿತ್ತು. ನಡುನಡುವೆ ಕೂತು ಇಬ್ಬರೂ ನಕ್ಕರು.

ಅಷ್ಟರಲ್ಲಿ ದೊಡ್ಡ ಮನೆಗಳಿಗೆ ಬುದ್ಧಿ ಬರತೊಡಗಿತ್ತು. ಮೊದಲು ಬೂದಿ ಸುರಿದರು. ಆಮೇಲೆ ಸುಣ್ಣ ಸುರಿದರು. ಆಮೇಲೆ ಊದಿನಕಡ್ಡಿ ಹಚ್ಚಿದರು. ಅದು ಯಾವುದಕ್ಕೂ ಜಗ್ಗಲಿಲ್ಲ. ತುಂಬಿ, ತಗಡಿನ ಬಾಗಿಲನ್ನು ತಾನೇ ತೆರೆದುಕೊಂಡು ಸಂದಿಗೆ ಇಳಿಯಿತು. ಹಿತ್ತಲ ಸಂದಿಯಲ್ಲಿ ಇದ್ದದ್ದು ಮುಂಚಿನಿಂದಲೂ ಇತ್ತು. ಈಗ ಮುಂಬಾಗಿಲಿಗೂ ಗೊತ್ತಾಯಿತು, ಅಷ್ಟೆ. ಮನೆಯ ಗಂಡಸರು ಹಳ್ಳಕ್ಕೆ ಹೋದರು. ಶಂಕ್ರೆವ್ವ ಗಂಡನಿಗೆ ಕೇಳಿದಳು, "ಬಯಲಿಗಿ ತಂತಿ ಹಾಕಿಸ್ದಾವರು ನೀವು. ಈಗ ನಾ ಎಲ್ಲಿ ಹೋಗ್ಲಿ?" ಅವಳು ದನದ ಕೊಟ್ಟಿಗೆಗೆ ಹೋದಳು. ಎಮ್ಮೆಗಳಿಗೆ ಅದು ಸರಿಬರಲಿಲ್ಲ.

ಇಂಥ ಹೊತ್ತಿನಲ್ಲಿ ನಕಾಶಿ ಸಾಹೇಬ ಉದ್ಯಾನದ ಉದ್ಘಾಟನೆಗೆ ಬಂದ. ದಿನ ಮೊದಲೇ ನಿಕ್ಕಿಯಾಗಿತ್ತು, ಮುಂದೂಡುವಂತಿರಲಿಲ್ಲ. ಹಿಂದಿನ ಸಂಜೆ ಬಂದು ರಾಚಪ್ಪನ ಮಹಡಿಯ ಮೇಲೆ ಉಳಿದ. ಶೇಂಗಾ ಹೋಳಿಗೆ, ಮಸಾಲೆ ತುಂಬಿದ ಬದನೆಕಾಯಿ, ಗಟ್ಟಿ ಮೊಸರು. ಸಾಹೇಬ ಬಡಿಸಿದಷ್ಟನ್ನೂ ಉಂಡ. ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಕೆಳಗೆ ಇಳಿದು ಬಂದ.

ರಾಚಪ್ಪ ಸಂಡಾಸದ ಬಾಗಿಲಿಗೆ ಅಡ್ಡ ನಿಂತ. "ಸಾಹೇಬ್ರ, ತಂಪ ಹವಾ ಐತ್ರಿ. ಉದ್ಯಾನದ ಕಡಿ ಹೋಗಿ ಬರ್ರಿ" ಎಂದು ಕೈಗೆ ಚರಗಿ ಕೊಟ್ಟ. ಕಾವಲುಗಾರನಿಗೆ ಹೇಳುವುದನ್ನು ಮರೆತ.

ಸಾಹೇಬ ತಾನೇ ಉಳಿಸಿದ ಬಯಲಿಗೆ ಹೋದ. ಗುಲ್‌ಮೊಹರ್ ಸಸಿಗಳು ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ, ಯಾವುದಕ್ಕೂ ಮರೆಯಾಗುತ್ತಿರಲಿಲ್ಲ. ಸಿಮೆಂಟಿನ ಬೆಂಚಿನ ಹಿಂದೆ ಕೂತ. ತಂತಿಯ ಆಚೆ ಜಾಗ ಹುಡುಕುತ್ತ ಬಂದ ಕೇರಿಯ ಹೆಂಗಸರು ಮಸುಕು ಬೆಳಕಿನಲ್ಲಿ ಬೆಂಚಿನ ಹಿಂದೆ ಬೋಳುತಲೆಯನ್ನು ಕಂಡು ನಿಂತರು.

ಮಾನಪ್ಪ ಸೀಟಿ ಊದಿದ. ಎದೆ ತುಂಬ ಗಾಳಿ ತೆಗೆದುಕೊಂಡು ಊದಿದ. ಅವನಿಗೆ ಗುರುತು ಸಿಕ್ಕಿತ್ತೋ ಇಲ್ಲವೋ, ಅದನ್ನು ಅವನು ಯಾವತ್ತೂ ಯಾರಿಗೂ ಹೇಳಲಿಲ್ಲ. ಊದುತ್ತಲೇ ಬಡಿಗೆ ಕುಟ್ಟಿಕೊಂಡು ಓಡಿಬಂದ. "ಏಳಲೇ! ಓದಾಕ ಬರೂದಿಲ್ಲೇನ? ಬೋರ್ಡ ಕಾಣೂದಿಲ್ಲೇನ?"

ಸಾಹೇಬ ಎದ್ದ. ಒಂದು ಕೈಯಲ್ಲಿ ಪೈಜಾಮದ ಲಾಡಿ, ಇನ್ನೊಂದರಲ್ಲಿ ಚರಗಿ. ಗೇಟಿನ ಕಡೆ ಓಡುವ ಬದಲು ತಂತಿಯ ಕಡೆ ಓಡಿದ. ಪೈಜಾಮ ಮುಳ್ಳಿಗೆ ಸಿಕ್ಕಿ ಪರ್ರೆಂದಿತು. ಆಚೆ ನಿಂತ ಹೆಂಗಸರು ಒಳ್ಳೆಯವರು, ಮುಖ ತಿರುಗಿಸಿದರು. ಸೀತವ್ವ ಮಾತ್ರ ತಿರುಗಿಸಲಿಲ್ಲ. ಗಂಡನನ್ನು ನೋಡುತ್ತ ನಿಂತಿದ್ದಳು. ಕೈ ಮುರಿದ ದಿನದಿಂದ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

ಹತ್ತು ಗಂಟೆಗೆ ಪಂಚಾಯ್ತಿಯ ಎದುರಿಗೆ ಸಭೆ. ಸಾಹೇಬ ಬೇರೆ ಪ್ಯಾಂಟು ಹಾಕಿಕೊಂಡು ಕುರ್ಚಿಯ ಮೇಲೆ ಒಂದು ಕಡೆಗೆ ವಾಲಿ ಕೂತಿದ್ದ. ಎದ್ದು ನಿಂತು ಭಾಷಣ ಶುರು ಮಾಡಿದ. ಊರಿನ ಬೆಳವಣಿಗೆ ಮತ್ತು ಬಯಲು ತಕ್ಕಡಿಯ ಎರಡು ತಟ್ಟೆ ಎಂದ. ಹೆಂಗಸರು ಹಿಂದೆ, ಬಿಸಿಲಿನಲ್ಲಿ ನಿಂತಿದ್ದರು. ಊದಿದ ತುಟಿಯ ಸಾವಂತ್ರವ್ವ ಮುಂದೆ ಬಂದಳು.

"ಸಾಹೇಬ್ರ, ಒಂದು ಮಾತು ಕೇಳ್ಲೇನ್ರಿ?"

"ಹಿಂದಕ್ಕ ನಡಿಯಲೇ!" ಎಂದ ರಾಚಪ್ಪ.

"ಕೇಳಲಿ ಬಿಡಿ," ಎಂದ ಸಾಹೇಬ.

"ಮುಂಜಾನಿ ಅರ್ಧಕ್ಕ ಎದ್ರೇನ್ರಿ?"

ಸಾಹೇಬನ ಮುಖ ಕೆಂಪಾಯಿತು. ಅವಳು ನಗುತ್ತಿರಲಿಲ್ಲ. ಅವನು ಅವಳ ತುಟಿ ನೋಡಿದ, ಪಕ್ಕದಲ್ಲಿದ್ದ ಸೀತವ್ವನ ಕೊರಳಿಗೆ ಕಟ್ಟಿದ ಕೈ ನೋಡಿದ, ಪಂಚಾಯ್ತಿಯ ಕಟ್ಟೆಯ ಮೇಲೆ ಸಾಲಾಗಿದ್ದ ಚರಗಿಗಳನ್ನು ನೋಡಿದ.

"ಹೌದಮ್ಮ," ಎಂದ.

"ನಮ್ಮನ್ನ ದಿನಾ ಎಬ್ಬಸ್ತಾರ್ರಿ. ಬಸುರಿ ಅದಾಳಂತ ನೋಡೂದಿಲ್ಲ, ಮುದುಕಿ ಅದಾಳಂತ ನೋಡೂದಿಲ್ಲ. ಆ ಬಯಲು ಯಾರ ಸಲುವಾಗಿ ಉಳಿಸಿರಿ, ಅಷ್ಟ ಹೇಳಿಬಿಡ್ರಿ. ನಮ್ಮ ಸಲುವಾಗಿ ಅಲ್ಲಂದ್ರ ನಾವು ಸುಮ್ಮ ಹೊಕ್ಕೇವಿ. ಆದ್ರ ಎಲ್ಲಿ ಹೋಗೂನು ಅನ್ನೂದನ್ನೂ ನೀವ ಹೇಳಬೇಕು."

ಸಾಹೇಬ ಭಾಷಣ ಮುಗಿಸಲಿಲ್ಲ. ಚಹಾನೂ ಕುಡಿಯಲಿಲ್ಲ. ಕುಂಟುತ್ತ ಮಡ್ಡಿಗೆ ಹೋಗಿ, ಉದ್ಯಾನದ ತಂತಿಯನ್ನು ಬೆಂಚಿನವರೆಗೆ ಹಿಂದಕ್ಕೆ ಸರಿಸಬೇಕು, ಉಳಿದದ್ದು ಹೆಂಗಸರ ಬಯಲು, ಅಲ್ಲಿಗೆ ಗಂಡಸರು ಕಾಲಿಡಬಾರದು ಎಂದ. ಚರಗಿಗಳನ್ನು ಚೇರಮನ್ನನೇ ಮನೆಮನೆಗೆ ಮುಟ್ಟಿಸಿ ಬರಬೇಕೆಂದ. ಅಲ್ಲೊಂದು ಹೆಂಗಸರ ಸಂಡಾಸವನ್ನೂ ಕಟ್ಟಿಸುತ್ತೇನೆಂದ.

ರಾಚಪ್ಪನಿಗೆ ಕೂಡಲೇ ಹುರುಪು ಬಂತು. "ಕಟ್ಟೂನ್ರಿ. ಸಾವಂತ್ರವ್ವ ಬಳಕೋಂತ ಇರ್ತಾಳ."

"ನೀರ ಬಿಟ್ಟರ ತಾನ ಹೋಗುವಂಥಾದ್ದು ಕಟ್ರಿ," ಎಂದಳು ಸಾವಂತ್ರವ್ವ. "ಬಳಿಯೂದಿದ್ರ ಕಟ್ಟಬ್ಯಾಡ್ರಿ. ನಮಗ ಬಯಲ ಸಾಕು."

ಸಾಹೇಬ ಹೋದ ಮೇಲೆ ಸಂಡಾಸ ಯಾರೂ ಕಟ್ಟಲಿಲ್ಲ. ತಂತಿ ಮಾತ್ರ ಸರಿಯಿತು. ಕಾಲೊನಿ ಎದ್ದಿತು, ಬಯಲೂ ಉಳಿಯಿತು. ಎರಡರ ನಡುವೆ ಮಾನಪ್ಪನ ನೌಕರಿ ಹೋಯಿತು. ಅವನು ಖಾಕಿ ಅಂಗಿಯನ್ನು ಪಂಚಾಯ್ತಿಯ ಕಟ್ಟೆಯ ಮೇಲೆ ಬಿಚ್ಚಿಟ್ಟು ಬಾವಿ ತೋಡಲು ಹೋದ. ಸಾವಂತ್ರವ್ವನ ಹೆಸರನ್ನೂ ಪಂಚಾಯ್ತಿಯಿಂದ ತೆಗೆದರು. ಅವಳು ಕಳೆ ಕೀಳಲು ಹೋದರೆ ಹೊಲದವರು ಮೂಗು ಮುಚ್ಚಿಕೊಂಡರು. ಕೊನೆಗೆ ಸಿಂದಗಿ ರಸ್ತೆಯಲ್ಲಿ ಕಲ್ಲುಖಡಿ ಒಡೆಯುವ ಕೆಲಸ ಸಿಕ್ಕಿತು. ಅಂಗೈ ಬೊಬ್ಬೆ ಬಂದು ಒಡೆದು ರಕ್ತ ಸೋರಿತು. ತನ್ನ ಕೈಯಿಂದ ತನ್ನದೇ ರಕ್ತ. ರಾತ್ರಿ ಆ ಕೈಯಿಂದ ರೊಟ್ಟಿ ಮುರಿಯುವಾಗ ಹೇಸಿಗೆ ಬರುತ್ತಿರಲಿಲ್ಲ.

ದೊಡ್ಡ ಮನೆಗಳ ಹೆಂಗಸರೂ ಈಗ ಚರಗಿ ಹಿಡಿದು ಮಡ್ಡಿಗೆ ಬರುತ್ತಿದ್ದರು. ಶಂಕ್ರೆವ್ವ ಮತ್ತೆ ಚಿಗುರಿದ ಒಂದು ಜಾಲಿಗಿಡದ ಆಚೆ ಕೂತು, "ಮತ್ತ ಯಾವಾಗ ಬರ್ತಿಬೇ?" ಎಂದು ಕೇಳಿದಳು.

"ದಿನಾ ಬರ್ತೇನಲ್ರಿ. ನೀವ ಹೊಸದಾಗಿ ಬರಾಕತ್ತೀರಿ," ಎಂದಳು ಸಾವಂತ್ರವ್ವ.

ರಾಚಪ್ಪ ಸೋಲುವವನಲ್ಲ. ಬಸವನ ಬಾಗೇವಾಡಿಯ ಕಡೆಯ ಯಾವುದೋ ಹಳ್ಳಿಯಿಂದ ಒಬ್ಬ ಹರೆಯದ ಹೆಂಗಸನ್ನು ಕರೆತಂದ. ಹೆಸರು ಶೇವಂತೆವ್ವ. ಗಂಡ ಬಿಟ್ಟವಳು. ಒಂದು ಮುಂಜಾನೆ ಖಡಿ ಒಡೆಯಲು ಹೊರಟ ಸಾವಂತ್ರವ್ವ ಹಿತ್ತಲ ಸಂದಿಯ ಬಾಯಲ್ಲಿ ಅವಳನ್ನು ಕಂಡಳು. ಗೋಡೆಗೆ ಹಣೆ ಹಚ್ಚಿ ಕಾರಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹೊಸ ಡಬ್ಬಿ, ಹೊಸ ಪೊರಕೆ.

"ಏನ್ ಕೆಲಸ ಅಂತ ಹೇಳಿ ಕರಕೊಂಡ ಬಂದಾನವ್ವಾ?"

"ಪಂಚಾಯ್ತಿ ನೌಕರಿ ಅಂದ. ಆಫೀಸ ಕಸಾ ಹೊಡಿಯೂದು ಅಂದ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ರೂಢಿ ಆಕ್ಕೈತೇನ್ ಎಕ್ಕಾ ಇದು?"

ಸಾವಂತ್ರವ್ವ ಹೊಸ ಡಬ್ಬಿಯನ್ನು ಕಾಲಿನಿಂದ ಆಚೆ ಸರಿಸಿದಳು.

"ಆಕ್ಕೈತಿ," ಎಂದಳು. "ಅದಕ್ಕ ಹೇಳತೇನಿ, ಇವತ್ತ ಬಿಡು."

ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಬಿಸಿನೀರು ಕೊಟ್ಟಳು. ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟಳು. ಜೈತುನಬಿ ಬಂದು ಬರಿಗೈ ನೋಡಿ ಎರಡು ಹಸಿರು ಬಳೆ ಏರಿಸಿದಳು. ಮುದ್ದೇಬಿಹಾಳದಲ್ಲಿ ಶೇವಂತೆವ್ವನ ಅಣ್ಣನಿದ್ದ, ಮಾರ್ಕೆಟ್ಟಿನಲ್ಲಿ ಹಮಾಲಿ. ಸಿಂದಗಿಗೆ ಹೋಗಿ ಅಲ್ಲಿಂದ ಹೋಗಬಹುದಿತ್ತು. ಸಾವಂತ್ರವ್ವ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಅವಳ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತು ಬಸ್ಸು ನಿಲ್ಲುವಲ್ಲಿಗೆ ಬಂದಳು.

ಬಸ್ಸು ಬರುವುದಕ್ಕೂ ರಾಚಪ್ಪನ ಫಟಫಟಿ ಬರುವುದಕ್ಕೂ ಸರಿಹೋಯಿತು. ಚಹಾದಂಗಡಿಯವರು, ಬಸ್ಸಿನವರು, ಕಿಟಕಿಯ ಮಂದಿ ಎಲ್ಲ ನೋಡುತ್ತಿದ್ದರು.

"ಯಾರನ್ನ ಕೇಳಿ ಕಳಿಸಾಕತ್ತಿಲೇ ಅಕಿನ್ನ?" ರಾಚಪ್ಪ ಚೀರಿದ. "ನಾಳಿಗಿ ಯಾರು ಬಳೀಬೇಕು?"

ಸಾವಂತ್ರವ್ವ ಟ್ರಂಕನ್ನು ಬಸ್ಸಿನ ಮೇಲೆ ಎತ್ತಿಕೊಟ್ಟಳು. ಶೇವಂತೆವ್ವ ಒಳಗೆ ಕೂತದ್ದನ್ನು ಕಿಟಕಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡಳು. ಬಸ್ಸು ಹೊರಟಿತು. ಆಮೇಲೆ ಅವನ ಕಡೆ ತಿರುಗಿದಳು.

"ಉಂಡಾವರು ಬಳೀಲಿ," ಎಂದಳು.